ಒಂಬತ್ತನೆಯ ಪಾಲು, ಹತ್ತನೆಯ ಪಾಲು

ಊರಿಗೆ ಬಂದು ನಾಲ್ಕು ತಿಂಗಳಾಯಿತು. ಹೋಗಿಬಂದ ಸುದ್ದಿ ಕೇಳುವವರಿಗೆಲ್ಲ ಸಮುದ್ರದ ಕತೆ ಬೇಕು. ಕ್ರೊಯೇಷಿಯಾ ಅಂದರೆ ಆದ್ರಿಯಾಟಿಕ್ ಕಡಲಿನ ನೀಲಿ, ದುಬ್ರೊವ್ನಿಕ್‌ನ ಕೋಟೆ, ಕೆಂಪು ಹೆಂಚಿನ ಮನೆಗಳು. ನಾನು ಕಡಲ ಕಡೆ ಹೋಗಲೇ ಇಲ್ಲ. ಹೋದದ್ದು ಝಾಗ್ರೆಬ್‌ನಿಂದ ಪೂರ್ವಕ್ಕೆ, ಸಾವಾ ಮತ್ತು ದ್ರಾವಾ ನದಿಗಳ ನಡುವಿನ ಮೆಕ್ಕೆಜೋಳದ ಸೀಮೆಗೆ. ಅಲ್ಲೊಬ್ಬ ನಿವೃತ್ತ ಮೇಷ್ಟ್ರು ಊಟದ ಮೇಜಿನಲ್ಲಿ ನನ್ನನ್ನು ಒಂದು ಪ್ರಶ್ನೆ ಕೇಳಿದರು. ನನ್ನ ಅಜ್ಜನ ಬಗ್ಗೆ. ಅದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಆ ಪ್ರವಾಸ ಇನ್ನೂ ಮುಗಿದಿಲ್ಲ ಅನ್ನಿಸುತ್ತಿರುವುದು ಆ ಪ್ರಶ್ನೆಯಿಂದಲೇ.

ತಮ್ಮನ ಮಗಳು ಝಾಗ್ರೆಬ್‌ನಲ್ಲಿ ಕೆಲಸದಲ್ಲಿದ್ದಾಳೆ. "ದೊಡ್ಡಪ್ಪ, ಒಮ್ಮೆ ಬಂದು ಹೋಗಿ" ಎಂದು ಮೂರು ವರ್ಷದಿಂದ ಕರೆಯುತ್ತಿದ್ದಳು. ಕಳೆದ ಸೆಪ್ಟೆಂಬರಿನಲ್ಲಿ ಹೊರಟೆ. ಮೊದಲ ದಿನವೇ ಅವಳು ದೋಲಾಟ್ಸ್ ಸಂತೆಗೆ ಕರೆದುಕೊಂಡು ಹೋದಳು. ಹಳ್ಳಿಯಿಂದ ಬಂದ ಹೆಂಗಸರು ಒಡೆದ ಹಾಲಿನ ಬೆಳ್ಳನೆ ಗಟ್ಟಿಯನ್ನು ಬಟ್ಟೆಯಲ್ಲಿ ಹಿಂಡಿ ಗುಡ್ಡೆ ಹಾಕಿ ಮಾರುತ್ತಿದ್ದರು. ಪಕ್ಕದಲ್ಲಿ ದಪ್ಪ ಹುಳಿಕೆನೆ. ಎರಡನ್ನೂ ಕಲಸಿ, ಮೇಲೆ ಉಪ್ಪು ಉದುರಿಸಿ, ಜೋಳದ ರೊಟ್ಟಿಯ ಜೊತೆ ತಿನ್ನುವುದು ಅಲ್ಲಿನ ರೂಢಿ. ಬಾಯಿಗಿಟ್ಟರೆ ನಮ್ಮ ಮನೆಯ ಗಟ್ಟಿಮೊಸರಿನ ಅಕ್ಕನೋ ತಂಗಿಯೋ ಅನ್ನಿಸುವ ರುಚಿ.

ಸಂತೆಯಿಂದ ನಾಲ್ಕು ಹೆಜ್ಜೆಗೆ ಕಪ್ತೋಲ್, ಬಿಷಪ್ಪನ ಗುಡ್ಡ. ಹನ್ನೊಂದನೇ ಶತಮಾನದ ಕೊನೆಯಲ್ಲಿ ಇಲ್ಲಿ ಬಿಷಪ್ಪನ ಪೀಠ ಸ್ಥಾಪನೆಯಾಯಿತು. ಎದುರಿನ ಗುಡ್ಡ ಗ್ರಾದೆಟ್ಸ್, 1242ರಲ್ಲಿ ರಾಜ ನಾಲ್ಕನೇ ಬೇಲಾ ಸ್ವತಂತ್ರ ಪಟ್ಟಣವೆಂದು ಸನ್ನದು ಕೊಟ್ಟ ಊರು. ಎರಡು ಗುಡ್ಡಗಳ ನಡುವೆ ಒಂದು ಹೊಳೆ ಹರಿಯುತ್ತಿತ್ತು. ಈಗ ಹೊಳೆ ರಸ್ತೆಯಡಿ ಹೋಗಿದೆ, ಅದರ ಮೇಲಿದ್ದ ಸೇತುವೆಯ ಹೆಸರು ಮಾತ್ರ ಒಂದು ಓಣಿಗೆ ಉಳಿದಿದೆ: ರಕ್ತದ ಸೇತುವೆ. ಪಟ್ಟಣದವರೂ ಬಿಷಪ್ಪನ ಕಡೆಯವರೂ ಅಲ್ಲಿ ಎಷ್ಟು ಸಲ ಹೊಡೆದಾಡಿಕೊಂಡಿರಬೇಕು, ಆ ಹೆಸರು ನಿಲ್ಲಬೇಕಾದರೆ.

ಕ್ಯಾಥೆಡ್ರಲ್ ಸುತ್ತ ಸಾರುವೆ ಕಟ್ಟಿದ್ದರು. 2020ರ ಮಾರ್ಚ್ 22ರ ಭೂಕಂಪದಲ್ಲಿ ದಕ್ಷಿಣದ ಗೋಪುರದ ತುದಿ ಮುರಿದು ಬಿತ್ತು, ಉತ್ತರದ್ದನ್ನು ಆಮೇಲೆ ಇವರೇ ಸಿಡಿಸಿ ಇಳಿಸಿದರು. ಗೋಡೆಯ ಬಳಿ ಹಳೆಯ ಗಡಿಯಾರವೊಂದಿದೆ, ಏಳು ಗಂಟೆ ಮೂರು ನಿಮಿಷಕ್ಕೆ ನಿಂತದ್ದು, 1880ರ ಭೂಕಂಪದ ಹೊತ್ತು. ನನ್ನ ಕಣ್ಣು ಮಾತ್ರ ಗೋಪುರಕ್ಕಿಂತ ಕೆಳಗಿನ ಕೋಟೆಗೋಡೆಯ ಮೇಲೆಯೇ ನಿಂತಿತು. ದುಂಡನೆಯ ಬುರುಜುಗಳು, ದಪ್ಪ ಗೋಡೆ. ಹದಿನಾರನೇ ಶತಮಾನದ ಮೊದಲಲ್ಲಿ ತುರ್ಕರ ಭಯಕ್ಕೆ ಕಟ್ಟಿದ್ದು. ದೇವರ ಮನೆಗೆ ಬುರುಜು ಬೇಕಾಗುವುದು ಒಳಗೆ ದೇವರಿಗಿಂತ ಹೆಚ್ಚಿನದೇನೋ ಇದ್ದಾಗ.

ಅದು ಏನು ಅಂತ ಆ ಮಧ್ಯಾಹ್ನವೇ ತಿಳಿಯಿತು. ಝಾಗ್ರೆಬ್‌ನ ಬಿಷಪ್ ಬರೀ ಗುರುವಲ್ಲ, ಸೀಮೆಯ ದೊಡ್ಡ ಜಮೀನ್ದಾರರಲ್ಲಿ ಒಬ್ಬ. ಅವನಿಗೆ ಒಕ್ಕಲುಗಳಿದ್ದರು, ದ್ರಾಕ್ಷಿತೋಟಗಳಿದ್ದವು, ಸ್ವಂತ ದಂಡು ಇತ್ತು, ರಾಜ್ಯದ ಸಭೆಯಲ್ಲಿ ಆಸನವಿತ್ತು. ಅವನ ಕೈಕೆಳಗಿನ ಪಾದ್ರಿಗಳ ಮಂಡಳಿಗೆ ಬೇರೆಯೇ ಆಸ್ತಿಗಳಿದ್ದವು. ಸಿಸಾಕ್‌ನ ತ್ರಿಕೋನ ಕೋಟೆಯನ್ನು 1544ರಿಂದ 1550ರ ನಡುವೆ ಕಟ್ಟಿಸಿದ್ದು ಆ ಮಂಡಳಿಯೇ, 1593ರಲ್ಲಿ ಬೋಸ್ನಿಯಾದ ಪಾಷಾ ಅದನ್ನು ಮುತ್ತಿದಾಗ ಒಳಗಿದ್ದು ಕಾದ ನಾಯಕರೂ ಪಾದ್ರಿಗಳೇ.

ಮೇಲಿನ ಊರಿನ ಸಂತ ಮಾರ್ಕನ ಚೌಕದಲ್ಲಿ, ಮೂಲೆಯ ಕಟ್ಟಡದ ಗೋಡೆಯಲ್ಲಿ ಕಲ್ಲಿನ ಒಂದು ಮುಖವಿದೆ. ಅದು ಮತಿಯಾ ಗುಬೆಟ್ಸ್‌ನದು ಅಂತ ಜನ ಹೇಳುತ್ತಾರೆ. 1573ರಲ್ಲಿ ಬಿಟ್ಟಿ ಚಾಕರಿ, ಹೊಸ ಹೊಸ ತೆರಿಗೆ ತಾಳಲಾರದೆ ಸಾವಿರಾರು ಒಕ್ಕಲುಗಳು ಎದ್ದರು, ಅವರ ಮುಂದಾಳು ಇವನು. ಎರಡು ವಾರ ನಡೆದ ದಂಗೆ. ಅದನ್ನು ಅಡಗಿಸಿದ್ದು ರಾಜನ ಪ್ರತಿನಿಧಿಯಾಗಿ ಆಳುತ್ತಿದ್ದ ಯುರಾಯ್ ದ್ರಾಶ್ಕೊವಿಚ್. ಅವನೇ ಝಾಗ್ರೆಬ್‌ನ ಬಿಷಪ್ ಕೂಡ. ಗುಬೆಟ್ಸ್‌ನ ತಲೆಗೆ ಕಾದ ಕಬ್ಬಿಣದ ಕಿರೀಟ ಇಟ್ಟು ಕೊಂದರೆಂಬುದು ಜನರ ನೆನಪು. ಆ ಕಿರೀಟದ ಮಾತು ಬಿಷಪ್ಪನೇ ಚಕ್ರವರ್ತಿಗೆ ಬರೆದ ಕಾಗದದಲ್ಲಿಯೂ ಇದೆ. ನಮ್ಮ ಹುಡುಗಿ ಫೋನಿನಲ್ಲಿ ಓದಿ ಹೇಳುತ್ತಾ ಹೇಳುತ್ತಾ ನಿಲ್ಲಿಸಿಬಿಟ್ಟಳು. "ದೊಡ್ಡಪ್ಪ, ಇವರು ಭಾನುವಾರ ಪೂಜೆಗೂ ನಿಲ್ತಿದ್ರಲ್ವಾ?" ಅಂದಳು. ನಿಲ್ಲುತ್ತಿದ್ದರು. ಟ್ರೆಂಟ್‌ನ ಮಹಾಸಭೆಯಲ್ಲಿ ಕೂತು ಧರ್ಮದ ತಿದ್ದುಪಡಿ ಚರ್ಚಿಸಿ ಬಂದವನು ಅವನು.

ಮಾರನೆಯ ವಾರ ಚಾಜ್ಮಾಕ್ಕೆ ಹೊರಟೆವು. ಅವಳ ಸಹೋದ್ಯೋಗಿಯೊಬ್ಬಳ ತಂದೆ ಅಲ್ಲಿಯವರು, ಇತಿಹಾಸದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅವರೇ ತಮ್ಮ ಹಳೆಯ ಕಾರು ತಂದರು. ಇವಾನಿಚ್ ದಾಟಿದ ಮೇಲೆ ಬಯಲು ಮೆಲ್ಲಗೆ ಏರಿಳಿಯತೊಡಗುತ್ತದೆ. ಎರಡೂ ಕಡೆ ಒಣಗುತ್ತಿದ್ದ ಮೆಕ್ಕೆಜೋಳ, ನಡುನಡುವೆ ಓಕ್ ಕಾಡು, ಗುಡ್ಡದ ಇಳಿಜಾರಿನಲ್ಲಿ ದ್ರಾಕ್ಷಿ ಸಾಲು. ಮನೆಗಳ ಹಿತ್ತಿಲಲ್ಲಿ ಉದ್ದಕ್ಕೆ, ಕಿರಿದಾಗಿ, ಕಾಲುಗಳ ಮೇಲೆ ಎತ್ತಿ ನಿಲ್ಲಿಸಿದ ಮರದ ಗೂಡುಗಳು. ತೆನೆಗಳನ್ನು ಅದರಲ್ಲಿ ತುಂಬಿಡುತ್ತಾರೆ, ಹಲಗೆಯ ಸಂದಿನಿಂದ ಗಾಳಿಯಾಡಿ ಒಣಗುತ್ತವೆ. ನಮ್ಮ ಕಡೆ ಭತ್ತಕ್ಕೆ ಪಣತ, ಇವರಿಗೆ ಇದು. ಕಾಲುಗಳನ್ನು ಎತ್ತರಿಸಿದ್ದು ಇಲಿಗೆಂದು ಕೇಳದೆಯೇ ಗೊತ್ತಾಯಿತು.

"ಈಗ ಹಸಿರಾಗಿ ಕಾಣ್ತಿದೆಯಲ್ಲ, ನಾನೂರು ವರ್ಷದ ಕೆಳಗೆ ಇಲ್ಲಿ ಮನುಷ್ಯರೇ ಇರಲಿಲ್ಲ" ಅಂದರು ಮೇಷ್ಟ್ರು. 1526ರಲ್ಲಿ ಮೊಹಾಚ್ ಕಾಳಗದಲ್ಲಿ ಹಂಗೇರಿಯ ರಾಜ ಸತ್ತ ಮೇಲೆ ಕ್ರೊಯೇಷಿಯಾದ ಕುಲೀನರು ಹ್ಯಾಬ್ಸ್‌ಬರ್ಗ್ ಮನೆತನದ ಫರ್ಡಿನಾಂಡ್‌ನನ್ನು ದೊರೆಯೆಂದು ಒಪ್ಪಿಕೊಂಡರು. ತುರ್ಕರು ನಿಲ್ಲಲಿಲ್ಲ. 1552ರಲ್ಲಿ ಬಿಷಪ್ಪನ ಊರಾದ ಚಾಜ್ಮಾ ಅವರ ಕೈಗೆ ಹೋಯಿತು. ಊರುಗಳು ಸುಟ್ಟವು, ಜನ ಸೆರೆಯಾದರು, ಉಳಿದವರು ಉತ್ತರಕ್ಕೆ ಓಡಿದರು. ಎರಡು ಸಾಮ್ರಾಜ್ಯಗಳ ನಡುವೆ ಒಂದು ಪಾಳು ಪಟ್ಟಿ ಉಳಿಯಿತು. ಉತ್ತ ಹೊಲಗಳಲ್ಲಿ ಮರ ಬೆಳೆದವು.

ಆ ಪಾಳಿಗೆ ಜನ ಬಂದದ್ದು ತುರ್ಕರ ಕಡೆಯಿಂದಲೇ. ಹದಿನಾರನೇ ಶತಮಾನದ ಕೊನೆಯಲ್ಲಿ, ಮುಖ್ಯವಾಗಿ 1590ರ ದಶಕದ ಯುದ್ಧದ ಹೊತ್ತಿಗೆ, ಗುಂಪು ಗುಂಪಾಗಿ ದನ ಕುರಿ ಹೊಡೆದುಕೊಂಡು ದಾಟಿಬಂದರು. ಕಾಗದಗಳಲ್ಲಿ ಇವರ ಹೆಸರು ವ್ಲಾಹರು. ಹೆಚ್ಚಿನವರು ಆರ್ಥಡಾಕ್ಸ್ ಕ್ರೈಸ್ತರು, ಸೆರ್ಬರ ಪೂರ್ವಿಕರು. ಕ್ಯಾಥೊಲಿಕರೂ ಕೆಲವರು ಇದ್ದರು. ತುರ್ಕರ ಕೆಳಗೂ ಇವರು ಸಾಮಾನ್ಯ ರೈತರಾಗಿರಲಿಲ್ಲ, ಗಡಿ ಕಾಯುವ ಬದಲಿಗೆ ಹಗುರ ತೆರಿಗೆ ಕೊಡುತ್ತಿದ್ದವರು. ಆ ಸವಲತ್ತು ಕೈತಪ್ಪುತ್ತಾ ಬಂದಾಗ ಈಚೆ ಬಂದರು. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿದ್ದ ಆಡಳಿತಕ್ಕೆ ಇದಕ್ಕಿಂತ ಬೇಕಾದ್ದು ಇರಲಿಲ್ಲ. ಸಂಬಳ ಕೊಟ್ಟು ಇಡುವ ಜರ್ಮನ್ ಸಿಪಾಯಿಗಿಂತ ನೆಲ ಕೊಟ್ಟು ಕೂರಿಸಿದ ಕುಟುಂಬ ಅಗ್ಗ. ಉಳುತ್ತಾನೆ, ಕಾಯುತ್ತಾನೆ, ಓಡಿಹೋಗುವುದಿಲ್ಲ. ಒಡೆಯರ ಕಾಟ ಇರುವುದಿಲ್ಲ ಎಂದು ಮಾತು ಕೊಟ್ಟು ಕೂರಿಸಿದರು.

ನಮ್ಮ ಪಾಳೆಯಗಾರರ ಕಾಲದ ಉಂಬಳಿ ನೆನಪಾಯಿತು. ಕತ್ತಿ ಹಿಡಿಯುವ ಕೈಗೆ ನೆಲ. ಆದರೆ ಉಂಬಳಿ ಕೊಡುವ ದೊರೆ ತನ್ನ ನೆಲ ಕೊಡುತ್ತಿದ್ದ. ಇಲ್ಲಿ ಗ್ರಾಟ್ಸ್‌ನವರು ಕೊಟ್ಟದ್ದು ಬೇರೆಯವರ ನೆಲ. ಚಾಜ್ಮಾ, ಇವಾನಿಚ್, ದುಬ್ರಾವಾ ಸುತ್ತಿನ ನೆಲ ಝಾಗ್ರೆಬ್ ಬಿಷಪ್ಪನದು. ಅವನ ಪೆಟ್ಟಿಗೆಯಲ್ಲಿ ಮುನ್ನೂರು, ನಾಲ್ಕುನೂರು ವರ್ಷ ಹಳೆಯ ಸನ್ನದುಗಳಿದ್ದವು.

ಚಾಜ್ಮಾದಲ್ಲಿ ಮಗ್ದಲದ ಮರಿಯಳ ಚರ್ಚಿನ ಮುಂದಿನ ಕಲ್ಲುಬೆಂಚಿನಲ್ಲಿ ಕೂತೆವು. ಹದಿಮೂರನೇ ಶತಮಾನದ ಕಟ್ಟಡ, ಗೋಡೆಯಲ್ಲಿ ದುಂಡನೆಯ ಹೂವಿನಂಥ ಕಲ್ಲಿನ ಕಿಟಕಿ. ಬಿಸಿಲು ಹಿತವಾಗಿತ್ತು. ಬಿಷಪ್ಪನ ಪಕ್ಷವನ್ನೂ ನ್ಯಾಯವಾಗಿ ಕೇಳಬೇಕು ಅಂದರು ಮೇಷ್ಟ್ರು. ತುರ್ಕರಿಗೆ ನೆಲ ಕಳೆದುಕೊಂಡವನು ಅವನು, ಆದಾಯ ಹೋಯಿತು, ಒಕ್ಕಲು ಹೋದರು, ಗಡಿಯ ಕೋಟೆಗಳ ಖರ್ಚು ಮಾತ್ರ ತಲೆಯ ಮೇಲೆ ಉಳಿಯಿತು. ಈಗ ನೆಲ ಮತ್ತೆ ಹಸಿರಾಗಿದೆ, ಬೆಳೆ ಬರುತ್ತಿದೆ. ನೆಲ ನನ್ನದು, ಕೂತವರು ನನ್ನ ಒಕ್ಕಲು, ಒಕ್ಕಲು ಕೊಡಬೇಕಾದ್ದನ್ನು ಕೊಡಲಿ ಅಂತ ಅವನು ಕೇಳಿದರೆ ಆ ಕಾಲದ ಕಾನೂನಿನಲ್ಲಿ ತಪ್ಪಿಲ್ಲ.

ಕೊಡಬೇಕಾದ್ದು ಏನು? ಹಂಗೇರಿ-ಕ್ರೊಯೇಷಿಯಾದ ಹಳೆಯ ಕಟ್ಟಳೆಯ ಪ್ರಕಾರ ಬೆಳೆಯಲ್ಲಿ ಹತ್ತನೆಯ ಪಾಲು ಚರ್ಚಿಗೆ, ಒಂಬತ್ತನೆಯ ಪಾಲು ನೆಲದ ಒಡೆಯನಿಗೆ. ಮೇಲೆ ಬಿಟ್ಟಿ ಕೆಲಸ ಬೇರೆ. ಒಡೆಯ ಯಾರೋ ಕುಲೀನನಾದರೆ ಎರಡು ಪಾಲು ಎರಡು ದಿಕ್ಕಿಗೆ ಹೋಗುತ್ತವೆ. ಒಡೆಯನೇ ಬಿಷಪ್ ಆದರೆ? ಮೇಷ್ಟ್ರು ಜೇಬಿನಿಂದ ಆಕ್ರೋಟು ತೆಗೆದು ಬೆಂಚಿನ ಮೇಲೆ ಹತ್ತು ಸಾಲಾಗಿ ಇಟ್ಟರು. ಕೊನೆಯ ಎರಡನ್ನು ಬೆರಳಿನಲ್ಲಿ ಒಂದರ ಪಕ್ಕ ಒಂದು ಸರಿಸಿ, ಎರಡನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದರು. ಮತ್ತೇನೂ ಹೇಳಲಿಲ್ಲ.

ಆ ಮುಷ್ಟಿ ನೋಡಿದಾಗ ನನಗೆ ಸಣ್ಣವನಿದ್ದಾಗ ಅಜ್ಜನ ಜೊತೆ ಗೇಣಿ ಭತ್ತ ಹೊತ್ತು ಹೋಗುತ್ತಿದ್ದ ದಾರಿ ನೆನಪಾಯಿತು. ನಮ್ಮದು ಸಾಗರದ ಸೀಮೆ. ಗೇಣಿ ಭತ್ತ ಅಳೆಯುವ ಕೊಳಗದ ಜಗಳದಿಂದ 1951ರಲ್ಲಿ ಕಾಗೋಡು ಸತ್ಯಾಗ್ರಹ ಹುಟ್ಟಿದ ಸೀಮೆ. ಅಜ್ಜ ಉಳುತ್ತಿದ್ದದ್ದು ಒಂದು ದೇವಸ್ಥಾನದ ಗದ್ದೆ. ವರ್ಷಕ್ಕೊಮ್ಮೆ ಭತ್ತ ಅಳೆದು ಹಾಕುತ್ತಿದ್ದ, ಅದಲ್ಲದೆ ತೇರಿಗೆ ಕಾಣಿಕೆಯೆಂದು ಮತ್ತೊಂದಿಷ್ಟು. ಎರಡನ್ನೂ ಸುರಿಯುತ್ತಿದ್ದದ್ದು ಒಂದೇ ಉಗ್ರಾಣಕ್ಕೆ. ಅಜ್ಜ ಉಗ್ರಾಣದ ಬಾಗಿಲಲ್ಲಿ ತಲೆಯ ಮುಂಡಾಸು ಬಿಚ್ಚಿ ಬಗಲಲ್ಲಿ ಇಟ್ಟುಕೊಳ್ಳುತ್ತಿದ್ದ. ದೇವರ ಮುಂದೆ ನಿಂತಂತೆಯೇ ನಿಲ್ಲುತ್ತಿದ್ದ.

ವ್ಲಾಹರು ಹಾಗೆ ನಿಲ್ಲಲಿಲ್ಲ. ಬಿಷಪ್ಪನ ಸನ್ನದಿಗೆ ಅವರ ಉತ್ತರ ಇದು: ನೀವು ಕಳೆದುಕೊಂಡ ನೆಲವನ್ನು ಕಾದವರು ನಾವು, ನೆತ್ತರು ಕೊಟ್ಟಾಗಿದೆ, ಅದೇ ಗೇಣಿ. ಒಡೆಯರ ಕೈಗೆ ಒಪ್ಪಿಸುವುದಾದರೆ ಕೊನೆಯವನವರೆಗೆ ಹೊಡೆದಾಡಿ ಸಾಯುತ್ತೇವೆ, ಇಲ್ಲವೇ ಬಂದ ದಾರಿ ಹಿಡಿಯುತ್ತೇವೆ. ಬಂದ ದಾರಿ ಅಂದರೆ ತುರ್ಕರ ಕಡೆ. ಆ ಬೆದರಿಕೆಯ ಬೆಲೆ ಗ್ರಾಟ್ಸ್‌ಗೂ ಗೊತ್ತಿತ್ತು, ವಿಯೆನ್ನಾಕ್ಕೂ ಗೊತ್ತಿತ್ತು. ರಾಜ್ಯದ ಸಭೆ ಒಂದರ ಮೇಲೊಂದು ಮನವಿ ಕಳಿಸಿತು. ಬಿಷಪ್ಪರು ಬದಲಾದರು, ಬೇಡಿಕೆ ಬದಲಾಗಲಿಲ್ಲ. ಕೊನೆಗೆ 1630ರ ಅಕ್ಟೋಬರ್ 5ರಂದು ಚಕ್ರವರ್ತಿ ಎರಡನೇ ಫರ್ಡಿನಾಂಡ್ ರೇಗನ್ಸ್‌ಬರ್ಗ್‌ನಲ್ಲಿ ವ್ಲಾಹರ ಶಾಸನಕ್ಕೆ ಮುದ್ರೆ ಒತ್ತಿದ. ಪ್ರತಿ ಹಳ್ಳಿ ವರ್ಷಕ್ಕೊಮ್ಮೆ ಸಂತ ಜಾರ್ಜನ ಹಬ್ಬದ ದಿನ ತನ್ನ ಮುಖ್ಯಸ್ಥನನ್ನು ತಾನೇ ಆರಿಸಬಹುದು. ಕೊಪ್ರಿವ್ನಿಟ್ಸಾ, ಕ್ರಿಜೆವ್ಟ್ಸಿ, ಇವಾನಿಚ್ ಎಂಬ ಮೂರು ವಿಭಾಗಗಳಿಗೂ ಒಬ್ಬೊಬ್ಬ ದೊಡ್ಡ ನ್ಯಾಯಾಧೀಶ, ಅವನೂ ಚುನಾಯಿತ. ಬದಲಿಗೆ 18 ದಾಟಿದ ಪ್ರತಿ ಗಂಡಸೂ ಕರೆ ಬಂದ ಗಳಿಗೆ ಆಯುಧ ಹಿಡಿದು ಬರಬೇಕು.

ನನಗೆ ಈ ಶಾಸನದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಅದು ಬಿಟ್ಟ ಮಾತು. ನೆಲ ಯಾರದು ಎಂಬುದನ್ನು ಅದು ತೀರ್ಮಾನಿಸಲಿಲ್ಲ. ಬಿಷಪ್ಪನ ಹಕ್ಕು ಸುಳ್ಳು ಅನ್ನಲಿಲ್ಲ, ವ್ಲಾಹರಿಗೆ ಪಟ್ಟಾ ಕೊಡಲಿಲ್ಲ. ಸನ್ನದು ಬಿಷಪ್ಪನ ಪೆಟ್ಟಿಗೆಯಲ್ಲಿ ಹಾಗೇ ಉಳಿಯಿತು, ನೇಗಿಲು ವ್ಲಾಹನ ಕೈಯಲ್ಲಿ ಉಳಿಯಿತು. ತಲೆಮಾರುಗಟ್ಟಲೆ ಎಳೆದಾಡಲು ಜಾಗ ಉಳಿದದ್ದು ಹೀಗೆ.

ಮಧ್ಯಾಹ್ನದ ಊಟ ಮೇಷ್ಟ್ರ ಮನೆಯಲ್ಲಿ. ಅವರ ಹೆಂಡತಿ ಬಿಲೊಗೊರಾ ಗುಡ್ಡದ ಆರ್ಥಡಾಕ್ಸ್ ಹಳ್ಳಿಯವರು, ಮೇಷ್ಟ್ರು ಬಿಷಪ್ಪನ ಒಕ್ಕಲುಗಳ ವಂಶದ ಕ್ಯಾಥೊಲಿಕರು. ಅಮ್ಮ ಶ್ತ್ರುಕ್ಲಿ ಮಾಡುತ್ತಿದ್ದರು. ಊಟದ ಮೇಜಿಗೆ ಹೂವಿನ ಚಿತ್ರದ ಬಟ್ಟೆ ಹಾಸಿ, ಹಿಟ್ಟು ಉದುರಿಸಿ, ನಡುವೆ ಕಣಕದ ಮುದ್ದೆ ಇಟ್ಟು, ಮುಂಗೈಗಳ ಹಿಂಬದಿಯಿಂದ ಸುತ್ತ ಎಳೆಯುತ್ತಾ ಹೋದರು. ಎಳೆದೂ ಎಳೆದೂ ಅದು ಮೇಜಿನ ನಾಲ್ಕೂ ಅಂಚಿಗೆ ಬಂತು, ಕೆಳಗಿನ ಬಟ್ಟೆಯ ಹೂವು ಅದರೊಳಗಿಂದ ಕಾಣತೊಡಗಿತು. ಒಂದು ಕಡೆಯೂ ಹರಿಯಲಿಲ್ಲ. ಮೇಲೆ ಸಂತೆಯಲ್ಲಿ ಕಂಡಂಥದೇ ಹಾಲಿನ ಗಟ್ಟಿ ಹರಡಿ, ಬಟ್ಟೆಯ ಅಂಚನ್ನು ಎತ್ತಿದರೆ ಸಾಕು, ತಾನೇ ಸುರುಳಿ ಸುತ್ತಿಕೊಂಡಿತು. ಮಡಕೆಯ ಬೆನ್ನ ಮೇಲೆ ತೊಡದೇವು ಎರೆಯುವ ನಮ್ಮ ಕಡೆಯ ಹೆಂಗಸರ ಕೈಗೆ ಈ ಕೈ ಸಮ. ಬೇಯಿಸಿ, ಕೆನೆ ಹಾಕಿ ಬಡಿಸಿದರು.

ತಟ್ಟೆ ಮುಂದಿಡುತ್ತಾ ಅಮ್ಮ ಹೇಳಿದರು, "ನಮ್ಮವರು ಬಿಷಪ್ಪನಿಗೆ ಒಂದು ಕಾಳೂ ಅಳೆಯಲಿಲ್ಲ." ಹೆಮ್ಮೆಯ ಮಾತು. ಹುಡುಗಿ ಕನ್ನಡಕ್ಕೆ ತರುವ ಮೊದಲೇ ಅವರ ದನಿಯಲ್ಲಿ ಗೊತ್ತಾಗುತ್ತಿತ್ತು.

"ಅಳೆಯಲಿಲ್ಲ, ಗಂಡುಮಕ್ಕಳನ್ನು ಅಳೆದು ಕೊಟ್ಟರು" ಅಂದರು ಮೇಷ್ಟ್ರು. ಜಗಳವಲ್ಲ. ಇಬ್ಬರೂ ಎಷ್ಟೋ ವರ್ಷದಿಂದ ಆಡಿಕೊಂಡು ಬಂದ ಮಾತು ಅದು.

ಇಬ್ಬರದೂ ನಿಜ. ತುರ್ಕರ ಭಯ ಕಡಿಮೆಯಾದ ಮೇಲೂ ಗಡಿಯ ಸಿಪಾಯಿಗೆ ಬಿಡುಗಡೆ ಸಿಗಲಿಲ್ಲ. ಹ್ಯಾಬ್ಸ್‌ಬರ್ಗ್ ದೊರೆಗಳು ಅವರನ್ನು ಪ್ರಷ್ಯದ ವಿರುದ್ಧ, ಫ್ರಾನ್ಸಿನ ವಿರುದ್ಧ, ಯಾವುದೋ ದೂರದ ರಣರಂಗಗಳಿಗೆ ಕಳಿಸಿದರು. ಅಧಿಕಾರಿಗಳು ಹಳ್ಳಿಯ ಚುನಾವಣೆಗೂ ಕೈ ಹಾಕಿದರು. 1665-66ರಲ್ಲಿ ಕ್ರಿಜೆವ್ಟ್ಸಿಯ ದೊಡ್ಡ ನ್ಯಾಯಾಧೀಶ ಸ್ಟೆಫಾನ್ ಓಸ್ಮೊಕ್ರುಹೊವಿಚ್ ಅದಕ್ಕೇ ದಂಗೆಯೆದ್ದು ಸತ್ತ. ಇನ್ನೊಂದನ್ನೂ ಹೇಳಲೇಬೇಕು. 1573ರಲ್ಲಿ ಗುಬೆಟ್ಸ್‌ನ ಒಕ್ಕಲುಗಳ ಮೇಲೆ ಬಿಟ್ಟ ದಂಡಿನಲ್ಲಿ ತುರ್ಕರ ಸೀಮೆಯಿಂದ ಓಡಿಬಂದ ಇಂಥದೇ ಗಡಿಯ ಜನ ಇದ್ದರು. ಸ್ವಂತ ನೆಲಕ್ಕಾಗಿ ಹೊಡೆದಾಡಿದವನನ್ನೇ ಬೇರೆಯವನ ನೆಲದ ಜಗಳ ತುಳಿಯಲು ಬಳಸುವುದು ದೊರೆಗಳಿಗೆ ಯಾವತ್ತೂ ಕಷ್ಟವಾಗಿಲ್ಲ. ಆದರೂ ಪಕ್ಕದ ಹಳ್ಳಿಯಲ್ಲಿ ಒಡೆಯನ ಚಾಟಿಯ ಕೆಳಗಿದ್ದ ಒಕ್ಕಲು, ಗಡಿಯ ಸೀಮೆಗೆ ಓಡಿಹೋಗಿ ಸಿಪಾಯಿಯಾಗುವುದನ್ನೇ ಬಿಡುಗಡೆ ಅಂತ ತಿಳಿದಿದ್ದ. ಓಡಿಹೋದವರನ್ನು ಹಿಂದೆ ಕಳಿಸಿ ಎಂದು ಒಡೆಯರು ಮತ್ತೆ ಮತ್ತೆ ದೂರುತ್ತಿದ್ದರು. ಅದು ಎಂಥ ಬಿಡುಗಡೆ ಅಂತ ನಾವು ಇಲ್ಲಿ ಕೂತು ಅಳೆಯುವುದು ಸುಲಭ, ಅವರಿಗೆ ಎದುರಿಗಿದ್ದದ್ದು ಎರಡೇ ದಾರಿ.

ಊಟದ ನಡುವೆ ನಾನು ಅಜ್ಜನ ಗದ್ದೆಯ ಕತೆ ಹೇಳಿದೆ. 1974ರಲ್ಲಿ ನಮ್ಮ ರಾಜ್ಯದಲ್ಲಿ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಬಂದದ್ದು, ಉಳುವವನೇ ಹೊಲದೊಡೆಯ ಎಂದದ್ದು, ಗೇಣಿದಾರರು ಫಾರಂ ನಂಬರ್ 7 ತುಂಬಿ ಡಿಕ್ಲರೇಷನ್ ಹಾಕಿದರೆ ನೆಲ ಅವರ ಹೆಸರಿಗೆ ಆಗುತ್ತಿದ್ದದ್ದು, ದೇವಸ್ಥಾನದ ಜಮೀನಿಗೂ ಅದು ಅನ್ವಯಿಸುತ್ತಿದ್ದದ್ದು, ನಮ್ಮ ಅಜ್ಜ ಹಾಕದೇ ಇದ್ದದ್ದು. ಮೇಷ್ಟ್ರು ಫೋರ್ಕು ಕೆಳಗಿಟ್ಟು ಕೇಳಿದರು.

"ಯಾಕೆ ಹಾಕಲಿಲ್ಲ?"

ಓದು ಬರಹ ಗೊತ್ತಿರಲಿಲ್ಲ ಅಂದೆ. ಅವರು ತಲೆಯಾಡಿಸಿದರು, ಒಪ್ಪಿದ ಹಾಗೆ ಕಾಣಲಿಲ್ಲ. ವ್ಲಾಹರಿಗೂ ಗೊತ್ತಿರಲಿಲ್ಲ ಅಂದರು.

ಆ ಸಂಜೆ ಲೆಪಾವಿನಾ ಮಠಕ್ಕೆ ಹೋದೆವು. ಕ್ರಿಜೆವ್ಟ್ಸಿಗೂ ಕೊಪ್ರಿವ್ನಿಟ್ಸಾಕ್ಕೂ ನಡುವೆ, ಗುಡ್ಡದ ಮೇಲೆ ಬಿಳಿಯ ಚರ್ಚು. 1550ರ ಸುಮಾರಿಗೆ ಹುಟ್ಟಿ, ತುರ್ಕರಿಂದ ಸುಟ್ಟು, ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಸಿಕ್ಕು, ಮತ್ತೆ ಎದ್ದ ಆರ್ಥಡಾಕ್ಸ್ ಮಠ. ಗಡ್ಡದ ಯತಿಯೊಬ್ಬರು ಒಂದು ತುಂಡು ಗುಲಾಬಿ ಪರಿಮಳದ ಮಿಠಾಯಿ, ಒಂದು ಲೋಟ ತಣ್ಣೀರು ತಂದು ಕೊಟ್ಟರು. ಬೆಲ್ಲ ನೀರು ಕೊಟ್ಟು ಮಾತಿಗೆ ಕೂರಿಸುವ ನಮ್ಮ ಮಲೆನಾಡಿನ ಜಗಲಿಯೇ ಅದು. ಮಾರ್ಚಾ ಮಠದ ಮಾತು ಬಂತು.

ಮಾರ್ಚಾ ಇವಾನಿಚ್‌ನ ಹತ್ತಿರ ಇತ್ತು, ವ್ಲಾಹರ ಗುರುಪೀಠ. ಅಲ್ಲಿನ ಗುರು ಸಿಮೆಯೊನ್ ವ್ರತಾನ್ಯಾ 1611ರಲ್ಲಿ ರೋಮಿಗೆ ಹೋಗಿ ಪೋಪನ ಹಿರಿತನ ಒಪ್ಪಿಕೊಂಡು ಬಂದ. ಪೂಜೆಯ ಕ್ರಮ ಹಳೆಯದೇ, ವಿಧೇಯತೆ ಮಾತ್ರ ರೋಮಿಗೆ. ಮಾರ್ಚಾದ ನೆಲವನ್ನು ಅವನಿಗೆ ಬಿಟ್ಟುಕೊಟ್ಟವನು ಝಾಗ್ರೆಬ್‌ನ ಬಿಷಪ್ ಪೆತಾರ್ ದೊಮಿತ್ರೊವಿಚ್. ಮಾರ್ಚಾದ ಗುರುಗಳು ಝಾಗ್ರೆಬ್‌ನ ಅಧೀನದಲ್ಲಿ ಇರಬೇಕು ಎಂಬುದು ಮುಂದಿನ ಬಿಷಪ್ಪರ ಪಟ್ಟು. ಜನ ಮಾತ್ರ ಪೆಚ್‌ನ ತಮ್ಮ ಹಳೆಯ ಪೀಠದ ಕಡೆಗೇ ಮುಖ ಮಾಡಿದ್ದರು. 1670ರಲ್ಲಿ ಮಾರ್ಚಾದ ಗುರು ಗಾವ್ರಿಲೊ ಮಿಯಾಕಿಚ್ ರಾಜದ್ರೋಹದ ಆರೋಪದಲ್ಲಿ ಸೆರೆಯಾಗಿ ಸೆರೆಯಲ್ಲೇ ಸತ್ತ. ಅವನ ಜಾಗಕ್ಕೆ ರೋಮಿಗೆ ನಿಷ್ಠನಾದ ಪಾವ್ಲೆ ಝೋರ್ಚಿಚ್ ಬಂದ. ಎಳೆದಾಟ ಎಪ್ಪತ್ತು ವರ್ಷ ನಡೆದು, 1739ರಲ್ಲಿ ಗಡಿಯ ಜನರೇ ಮಾರ್ಚಾ ಮಠಕ್ಕೆ ಬೆಂಕಿ ಇಟ್ಟರು.

ತಮ್ಮದೇ ಗುಡಿಗೆ ಬೆಂಕಿ ಇಡುವಷ್ಟು ಯಾಕೆ ಎಂದು ಯತಿಯನ್ನು ಕೇಳಿದೆ. ನಂಬಿಕೆ ಉಳಿಸಿಕೊಳ್ಳಲು ಅಂದರು. ಹೊರಗೆ ಬಂದ ಮೇಲೆ ಮೇಷ್ಟ್ರು ಇನ್ನೊಂದು ಹೇಳಿದರು, ನೆಲ ಉಳಿಸಿಕೊಳ್ಳಲು ಅಂತ. ಇಬ್ಬರ ಮಾತೂ ಒಂದೇ ಎಂದು ನನಗೆ ಹೊಳೆದದ್ದು ಝಾಗ್ರೆಬ್‌ಗೆ ಮರಳುವ ದಾರಿಯಲ್ಲಿ. ಗುರು ಯಾರ ಅಧೀನನೋ ಅವನ ಶಿಷ್ಯರು ನಾಳೆ ಯಾರಿಗೆ ಹತ್ತನೆಯ ಪಾಲು ಅಳೆಯಬೇಕು? ಹತ್ತನೆಯದು ಅಳೆಯಲು ಒಪ್ಪಿದವನು ಒಂಬತ್ತನೆಯದಕ್ಕೆ ಎಷ್ಟು ದಿನ ಇಲ್ಲ ಅಂದಾನು? ಗಡಿಯ ರೈತ ಪೂಜೆಯ ಮೂಲಕ ಬರುವ ಗೇಣಿಯನ್ನು ದೂರದಿಂದಲೇ ಗುರುತಿಸಿದ್ದ. ಬಿಷಪ್ಪನ ಸನ್ನದು ಅವನನ್ನು ಮುಟ್ಟದೇ ಹೋದದ್ದು ಅವನ ಕೋವಿಯಿಂದ ಮಾತ್ರ ಅಲ್ಲ. ಬಿಷಪ್ಪನ ಶಾಪ ಅವನಿಗೆ ತಟ್ಟುತ್ತಿರಲಿಲ್ಲ. ಅವನ ದೇವರ ಕೀಲಿಕೈ ಒಡೆಯನ ಸೊಂಟದಲ್ಲಿ ಇರಲಿಲ್ಲ. ಗುಬೆಟ್ಸ್‌ನ ಜನರದು ಇನ್ನೂ ದೊಡ್ಡ ಎದೆ ಅಂತ ಆಗಲೇ ಅನ್ನಿಸಿತು. ಬಿಷಪ್ಪನ ದೇವರಿಗೇ ಮೊಣಕಾಲೂರುತ್ತಿದ್ದವರು ಅವರು, ಆದರೂ ಎದ್ದರು.

ಗಡಿಯ ಸೀಮೆ 1881ರಲ್ಲಿ ರದ್ದಾಗಿ ಕ್ರೊಯೇಷಿಯಾದಲ್ಲಿ ಸೇರಿತು. ವ್ಲಾಹ ಎಂಬ ಪದ ಮಾತ್ರ ಬೈಗುಳವಾಗಿ ಉಳಿಯಿತು. 1941ರ ಏಪ್ರಿಲ್‌ನಲ್ಲಿ ಬ್ಯೆಲೊವಾರ್ ಪಕ್ಕದ ಗುಡೊವಾಟ್ಸ್‌ನಲ್ಲಿ ಆ ಜನರ ಮೊಮ್ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಗುಂಡಿಟ್ಟರು. 1991ರ ಯುದ್ಧದಲ್ಲಿ ಉಳಿದವರಲ್ಲಿ ಅನೇಕರು ಹೊರಟುಹೋದರು. ಅಮ್ಮನ ಹುಟ್ಟೂರಿನಲ್ಲಿ ಈಗ ಬೀಗ ಹಾಕಿದ ಮನೆಗಳೇ ಜಾಸ್ತಿ. ಬೀಳ್ಕೊಡುವಾಗ ಅವರು ಕೆಂಪು ಮೆಣಸಿನಪುಡಿ ಕಲಸಿ ಗೋಪುರದಂತೆ ತಟ್ಟಿ ಒಣಗಿಸಿದ ಗಟ್ಟಿ ಚೀಸಿನ ನಾಲ್ಕು ಉಂಡೆ ಕಾಗದದಲ್ಲಿ ಕಟ್ಟಿಕೊಟ್ಟರು. ಮನೆಯ ಸೂರಿಗೆ ನೇತುಹಾಕಿ ಹೊಗೆಗೆ ಒಣಗಿಸಿದ್ದು. "ನಮ್ಮ ಊರಿನ ರುಚಿ, ಊರಲ್ಲಿ ಮಾಡುವವರಿಲ್ಲ" ಅಂದರು.

ಊರಿಗೆ ಬಂದ ವಾರವೇ ಚಿಕ್ಕಪ್ಪನ ಮನೆಗೆ ಹೋದೆ. ಅವರಿಗೀಗ ಎಂಬತ್ತೆರಡು. ಮೇಷ್ಟ್ರ ಪ್ರಶ್ನೆ ಕೇಳಿದೆ. ಚಿಕ್ಕಪ್ಪ ಬಹಳ ಹೊತ್ತು ಎಲೆ ಅಡಿಕೆ ಮಡಚುತ್ತಾ ಕೂತರು.

"ಓದು ಬರಹದ ಮಾತಲ್ಲ, ತಮಾ. ಫಾರಂ ತಂದುಕೊಟ್ಟವನು ನಾನೇ. ಬರೆದುಕೊಡೋಕೆ ಶಾನುಭೋಗರ ಮಗ ತಯಾರಿದ್ದ. ಅಪ್ಪ ಹೆಬ್ಬೆಟ್ಟು ಒತ್ತಲಿಲ್ಲ. ದೇವರ ಗದ್ದೆ ಬರೆಸಿಕೊಂಡರೆ ಮನೆಯಲ್ಲಿ ಕಣ್ಣಿಲ್ಲದ ಮಕ್ಕಳು ಹುಟ್ಟುತ್ತವೆ ಅಂತ ಉಗ್ರಾಣದವರು ಹೇಳಿ ಕಳಿಸಿದ್ದರು. ಆಗ ನಿಮ್ಮವ್ವ ಬಸುರಿ, ನಿನ್ನ ತಮ್ಮ ಹೊಟ್ಟೆಯಲ್ಲಿದ್ದ."

ತಮ್ಮ ಅಂದರೆ ಝಾಗ್ರೆಬ್‌ನಲ್ಲಿರುವ ಹುಡುಗಿಯ ಅಪ್ಪ.

ಮೇಷ್ಟ್ರಿಗೆ ಉತ್ತರ ಬರೆದು ಹುಡುಗಿಯ ಮೂಲಕ ಕಳಿಸಿದ್ದೇನೆ. ಡಿಕ್ಲರೇಷನ್ ಹಾಕುವ ಗಡುವು 1979ರ ಜೂನ್ 30ಕ್ಕೆ ಮುಗಿಯಿತು. ಫಾರಂ ಈಗಲೂ ಚಿಕ್ಕಪ್ಪನ ಟ್ರಂಕಿನಲ್ಲಿದೆ. ಅಜ್ಜನ ಹೆಸರು, ಊರು, ಸರ್ವೆ ನಂಬರು ತುಂಬಿದೆ. ಹೆಬ್ಬೆಟ್ಟಿನ ಜಾಗ ಖಾಲಿ.